ಪೀಣ್ಯದ ಗುಜರಿಯಿಂದ ಒಂದು ವಿ.ಆರ್. ಕನ್ನಡಕ

ಖಾಲಿ ರಟ್ಟಿನ ಡಬ್ಬ, ಬೋರ್ಡು ಬರೆಯುವವರ ಅಂಗಡಿಯಲ್ಲಿ ಉಳಿದಿದ್ದ ಸನ್‌ಬೋರ್ಡ್ ತುಂಡು, ಗೇಣುದ್ದದ ಪಿವಿಸಿ ಪೈಪು, ವೆಲ್ಡಿಂಗ್ ಹೆಲ್ಮೆಟ್ಟಿನ ತಲೆಪಟ್ಟಿ, ಎರಡು ಪ್ಲಾಸ್ಟಿಕ್ ಮಸೂರ, ಒಂದು ಹಳೆ ಮೊಬೈಲು. ಇಷ್ಟಿದ್ದರೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಮಾಡಬಹುದಾ? ಮಾಡಬಹುದು, ನಾನು ಮಾಡಿದ್ದೇನೆ. ಮೊಬೈಲ್ ಬಿಟ್ಟು ಒಟ್ಟು ಖರ್ಚು 1,460 ರೂಪಾಯಿ. ಯೂಟ್ಯೂಬಿನಲ್ಲಿ ತೋರಿಸುವ ಹಾಗೆ ಹತ್ತು ನಿಮಿಷದಲ್ಲಿ ಅಲ್ಲ, ಐದು ತಿಂಗಳು ಹಿಡಿಯಿತು.

ಇದನ್ನು ಮಾಡಿದ್ದು ಗೇಮ್ ಆಡುವುದಕ್ಕಲ್ಲ. ಅಪ್ಪ ಪೀಣ್ಯ ಎರಡನೇ ಹಂತದ ಒಂದು ಶೀಟ್ ಮೆಟಲ್ ಶೆಡ್ಡಿನಲ್ಲಿ ಪವರ್ ಪ್ರೆಸ್ ನಡೆಸುತ್ತಾರೆ. ಅವರ ಎಡಗೈಯ ತೋರುಬೆರಳಿಗೆ ತುದಿ ಇಲ್ಲ. ಹನ್ನೊಂದು ವರ್ಷದ ಹಿಂದೆ, ಆಗ ಕೆಲಸಕ್ಕಿದ್ದ ಬೇರೊಂದು ಕಾರ್ಖಾನೆಯಲ್ಲಿ, ಪೆಡಲ್ ಒಂದು ಸಲ ತುಳಿದರೆ ಪ್ರೆಸ್ಸು ಎರಡು ಸಲ ಇಳಿಯಿತು. ಎರಡನೇ ಸಲ ಇಳಿಯುವಾಗ ಅಪ್ಪನ ಕೈ ತಯಾರಾದ ಪೀಸನ್ನು ಎತ್ತಿಕೊಳ್ಳುತ್ತಿತ್ತು. ಇದಕ್ಕೆ ರಿಪೀಟ್ ಸ್ಟ್ರೋಕ್ ಅನ್ನುತ್ತಾರೆ. ಹಳೆಯ ಕೀ ಕ್ಲಚ್ ಪ್ರೆಸ್ಸುಗಳಲ್ಲಿ ದುಡಿದ ಯಾರನ್ನು ಕೇಳಿದರೂ ಗೊತ್ತಿರುತ್ತದೆ. ಈಗಿನ ಶೆಡ್ಡಿನಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸುವುದು ಅಪ್ಪನ ಜವಾಬ್ದಾರಿ. ಮೊದಲ ಪಾಠಕ್ಕೆ ಅವರು ಆ ಬೆರಳನ್ನೇ ಎತ್ತಿ ತೋರಿಸುತ್ತಾರೆ. “ಎರಡು ದಿನ ಹೆದರ್ತಾರೆ, ಮೂರನೇ ದಿನ ಮರೀತಾರೆ” ಅನ್ನುವುದು ಅವರ ಅನುಭವ.

ನಾನು ಇ ಅಂಡ್ ಸಿ ಮುಗಿಸಿ ಕೆಲಸ ಹುಡುಕುತ್ತಾ ಮನೆಯಲ್ಲಿದ್ದೆ. “ಆ ಹುಡುಗರು ಒಂದು ಸಲ ಡೈ ಒಳಗೆ ಕೈ ಇಟ್ಟು ನೋಡೋ ಹಾಗಿದ್ದಿದ್ರೆ, ಆದ್ರೆ ಬೆರಳು ಹೋಗಬಾರದು” ಎಂದು ಅಪ್ಪ ಊಟಕ್ಕೆ ಕೂತಾಗ ಅಂದ ಮಾತು ನನ್ನ ತಲೆಯಲ್ಲಿ ಕೂತಿತು. ವಿಡಿಯೊ ತೋರಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಪ್ರೆಸ್ಸಿನ ಮುಂದೆ ಬೇಕಾಗುವುದು ಒಂದೇ ಒಂದು ಅಂದಾಜು: ನನ್ನ ಬೆರಳಿಗೂ ಪಂಚಿಗೂ ಎಷ್ಟು ದೂರ? ಮೊಬೈಲ್ ವಿಡಿಯೊದಲ್ಲಿ ಅಗಲ ಉಂಟು, ಎತ್ತರ ಉಂಟು, ಆಳ ಇಲ್ಲ. ಕೈ ಡೈಗೆ ತಾಗುವಂತಿದೆಯೋ ಒಂದು ಗೇಣು ಹಿಂದಿದೆಯೋ ಅದರಲ್ಲಿ ಸರಿಯಾಗಿ ತಿಳಿಯುವುದಿಲ್ಲ.

ಆಳ ಕಾಣಿಸಬೇಕಾದರೆ ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ಕೊಡಬೇಕು. ಈ ಗುಟ್ಟು ಹೊಸದೇನಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಎರಡು ಕನ್ನಡಿ ಇಟ್ಟು ಇದನ್ನು ತೋರಿಸಿದ. 1849ರಲ್ಲಿ ಡೇವಿಡ್ ಬ್ರೂಸ್ಟರ್ ಕನ್ನಡಿಯ ಬದಲು ಮಸೂರ ಹಾಕಿದ. ಕಂಪ್ಯೂಟರ್ ಚಿತ್ರವನ್ನು ತಲೆಗೆ ಕಟ್ಟಿದ್ದು 1968ರಲ್ಲಿ ಐವನ್ ಸದರ್‌ಲ್ಯಾಂಡ್. ಆ ಯಂತ್ರವನ್ನು ಚಾವಣಿಯಿಂದ ತೂಗುಹಾಕಬೇಕಿತ್ತು. ಪಾಮರ್ ಲಕಿ ಎಂಬ ಅಮೆರಿಕದ ಹುಡುಗ ಹದಿಹರೆಯದಲ್ಲಿ ಮನೆಯಲ್ಲೇ ಒಂದರ ಮೇಲೊಂದು ಮಾದರಿ ಕಟ್ಟಿ, 2012ರಲ್ಲಿ ಜನರಿಂದ ದುಡ್ಡು ಎತ್ತಿ ‘ಆಕ್ಯುಲಸ್’ ಆರಂಭಿಸಿದ. ಎರಡೇ ವರ್ಷಕ್ಕೆ ಫೇಸ್‌ಬುಕ್ ಅದನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳುವ ಮಾತಾಯಿತು. ಈ ಕಥೆ ಎಲ್ಲ ಸ್ಟಾರ್ಟಪ್ ಭಾಷಣದಲ್ಲೂ ಬರುತ್ತದೆ. ನನಗೆ ಉಪಯೋಗಕ್ಕೆ ಬಂದದ್ದು ಅದೇ 2014ರ ಇನ್ನೊಂದು ಸುದ್ದಿ. ಗೂಗಲ್ ಕಂಪನಿಯ ಪ್ಯಾರಿಸ್ ಕಚೇರಿಯ ಡೇವಿಡ್ ಕೋಜ್ ಮತ್ತು ಡೇಮಿಯನ್ ಆನ್ರಿ ರಟ್ಟು ಮಡಚಿ, ಎರಡು ಮಸೂರ ಸಿಕ್ಕಿಸಿ ‘ಕಾರ್ಡ್‌ಬೋರ್ಡ್’ ಮಾಡಿದರು. ಕಂಪನಿ ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನಾನೂ ಆ ನಕ್ಷೆಯಿಂದಲೇ ಶುರು ಮಾಡಿದೆ.

ಒಂದು ಮಿಲಿಮೀಟರಿನ ಬೆಲೆ

ಕಾರ್ಡ್‌ಬೋರ್ಡಿನ ಮೊದಲ ಮಾದರಿಯ ಮಸೂರಕ್ಕೆ 25 ಮಿ.ಮೀ. ಅಗಲ, 45 ಮಿ.ಮೀ. ಸಂಗಮದೂರ. ಪಿಯುಸಿಯಲ್ಲಿ ಓದಿದ ಮಸೂರದ ಸೂತ್ರ ನೆನಪಿದೆಯಲ್ಲ, ಪರೀಕ್ಷೆ ಮುಗಿದ ಮೇಲೆ ಅದು ನನ್ನ ಕೆಲಸಕ್ಕೆ ಬಂದದ್ದು ಇಲ್ಲೇ. ಮೊಬೈಲ್ ಪರದೆಯನ್ನು ಮಸೂರದಿಂದ 44 ಮಿ.ಮೀ. ದೂರಕ್ಕಿಟ್ಟರೆ ಚಿತ್ರ ಹೆಚ್ಚುಕಡಿಮೆ ಎರಡು ಮೀಟರ್ ಆಚೆ ಇದ್ದಂತೆ ಕಾಣುತ್ತದೆ. 43ಕ್ಕೆ ತಂದರೆ ಒಂದು ಮೀಟರಿನ ಒಳಗೆ. 42ಕ್ಕೆ ತಂದರೆ 63 ಸೆಂಟಿಮೀಟರು. 40ಕ್ಕೆ ಬಂದರೆ 36 ಸೆಂಟಿಮೀಟರು, ಅಂದರೆ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದ ಹಾಗೆ. ಪರದೆ ಒಂದೊಂದು ಮಿಲಿಮೀಟರ್ ಜರುಗಿದರೂ ಕಣ್ಣು ಬೇರೆ ದೂರಕ್ಕೆ ಹೊಂದಿಕೊಳ್ಳಬೇಕು.

ಆಟ, ಪ್ರವಾಸದ ದೃಶ್ಯಗಳಿಗೆ ದೂರದ ಚಿತ್ರವೇ ಹಿತ. ಪ್ರೆಸ್ಸು ಮಾತ್ರ ಕೈಯಳತೆಯಲ್ಲಿ ನಿಂತಿರುತ್ತದೆ. ಕಣ್ಣುಗಳು ಒಳಮುಖವಾಗಿ ತಿರುಗುವುದು ಅರ್ಧ ಮೀಟರಿನ ವಸ್ತುವಿಗೆ, ಒಳಗಿನ ಮಸೂರ ಫೋಕಸ್ ಮಾಡುವುದು ಎರಡು ಮೀಟರಿನ ಚಿತ್ರಕ್ಕೆ ಎಂದಾದರೆ ಎರಡೂ ಜಗಳವಾಡುತ್ತವೆ, ತಲೆ ಹಿಡಿಯುತ್ತದೆ. ಅದಕ್ಕೆ ನಾನು ಆರಿಸಿದ ಅಳತೆ 43.

ರಟ್ಟು ಈ ಅಳತೆಯನ್ನು ಉಳಿಸಿಕೊಳ್ಳುವುದಿಲ್ಲ. ಮುಖಕ್ಕೆ ಒತ್ತಿ ಕಟ್ಟಿದಾಗ ಒಂದು ಮಿಲಿಮೀಟರ್ ಕುಗ್ಗುತ್ತದೆ, ಬೆವರು ಹೀರಿದರೆ ಇನ್ನೊಂದು. ಏಪ್ರಿಲ್ ತಿಂಗಳು ಹೆಗ್ಗನಹಳ್ಳಿ ಕ್ರಾಸಿನ ಶೀಟ್ ಮನೆಯಲ್ಲಿ ಬೆವರಿಗೆ ಬರವೇ? ಹೀಗಾಗಿ ರಟ್ಟು ಹೊರಗಿನ ಕವಚಕ್ಕಷ್ಟೇ ಉಳಿಯಿತು. ಒಳಗಿನ ಚೌಕಟ್ಟಿಗೆ 5 ಮಿ.ಮೀ. ಸನ್‌ಬೋರ್ಡ್ ಬಂತು. ಅದನ್ನು ಬ್ಲೇಡಿನಿಂದ ಕತ್ತರಿಸಬಹುದು, ಫೆವಿಕ್ವಿಕ್ ಹಿಡಿಯುತ್ತದೆ, ನೀರು ಕುಡಿಯುವುದಿಲ್ಲ. ಮಸೂರ ಹಿಡಿಯಲು ಪಿವಿಸಿ ಪೈಪಿನ ಬಳೆಗಳು. ಸನ್‌ಬೋರ್ಡ್ ಬಾಗದಂತೆ ಅಡ್ಡಕ್ಕೆ ಅಲ್ಯುಮಿನಿಯಂ ಕಿಟಕಿಯ ಚಾನಲ್ಲಿನ ಎರಡು ತುಂಡು. ಬೇರೆ ಬೇರೆ ವಸ್ತು ಸೇರಿಸಿದ್ದು ಚೆಂದಕ್ಕಲ್ಲ, ಯಾವುದೋ ಒಂದರಿಂದಲೇ ಎಲ್ಲ ಕೆಲಸ ಆಗುವುದಿಲ್ಲ, ಅದಕ್ಕೆ.

ಇಲ್ಲಿ ಅಪ್ಪನ ಪ್ರವೇಶವಾಯಿತು. ನಾನು ಸ್ಕೇಲಿಟ್ಟು ಗೆರೆ ಎಳೆಯುವುದನ್ನು ನೋಡಿ ಅವರು ಸುಮ್ಮನೆ ವರ್ನಿಯರ್ ತಂದು ಮೇಜಿನ ಮೇಲಿಟ್ಟರು. ಪೈಪಿನ ಬಳೆಗಳ ಬಾಯಿ ಸಮವಾಗಲು ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜುವುದನ್ನು ತೋರಿಸಿಕೊಟ್ಟರು. ಎರಡು ಬಳೆ ಒಂದೇ ಎತ್ತರಕ್ಕೆ ಬರುವವರೆಗೆ ಬಿಡಲಿಲ್ಲ. ಸಾಫ್ಟ್‌ವೇರ್ ಬೇಕಾದವರು ವೈಟ್‌ಫೀಲ್ಡಿಗೆ, ಕಬ್ಬಿಣ ಬೇಕಾದವರು ಪೀಣ್ಯಕ್ಕೆ ಎಂದು ನಾವು ಬೆಂಗಳೂರನ್ನು ಭಾಗ ಮಾಡಿಕೊಂಡಿದ್ದೇವೆ. ತಲೆಗೆ ಕಟ್ಟುವ ಈ ಡಬ್ಬಿಯಲ್ಲಿ ಆ ಗಡಿ ನಿಲ್ಲಲಿಲ್ಲ. ಕೋಡ್ ಎಷ್ಟೇ ಚೆನ್ನಾಗಿರಲಿ, ಬಳೆ ಓರೆಯಾದರೆ ಪ್ರೆಸ್ಸೂ ಓರೆ.

ಕಬ್ಬಿಣದ ನಡುವೆ ದಿಕ್ಸೂಚಿ

ತಲೆ ತಿರುಗಿಸಿದಂತೆ ದೃಶ್ಯವೂ ತಿರುಗಬೇಕಾದರೆ ಮೊಬೈಲಿನಲ್ಲಿ ಗೈರೊಸ್ಕೋಪ್ ಇರಬೇಕು. ಅಗ್ಗದ ಎಷ್ಟೋ ಮೊಬೈಲುಗಳಲ್ಲಿ ಅದು ಇರುವುದಿಲ್ಲ, ನನ್ನದರಲ್ಲೂ ಇರಲಿಲ್ಲ. ಪೀಣ್ಯ ಇಂಡಸ್ಟ್ರಿಯಲ್ಲಿ ಹಸಿರು ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಅಲ್ಲಿಂದ ನಡೆದರೆ ಎಸ್.ಪಿ. ರೋಡು. ಎಂಪಿಯು-6050 ಎಂಬ ಉಗುರಿನಗಲದ ಸೆನ್ಸರ್ ಮತ್ತು ಒಂದು ಇಎಸ್‌ಪಿ32 ಬೋರ್ಡ್ ತಂದೆ. ಎರಡಕ್ಕೂ ಸೇರಿ ಆರುನೂರು ರೂಪಾಯಿಯ ಮೇಲೆ ಆಯಿತು. ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಫ್ರಾನ್ಸಿನ ಮಾಕ್ಸಿಮ್ ಕುತೆ ಎಂಬ ಹುಡುಗ ಗೆಳೆಯರೊಂದಿಗೆ ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟ ‘ರೆಲಟಿವ್‌ಟಿ’ ಹೆಡ್‌ಸೆಟ್ಟಿನಲ್ಲೂ ಇದೇ ಸೆನ್ಸರ್ ಇದೆ ಎಂದು ಓದಿದ್ದು ಧೈರ್ಯ ಕೊಟ್ಟಿತ್ತು.

ಈ ಸೆನ್ಸರಿಗೆ ಮೇಲೆ ಕೆಳಗೆ ಗೊತ್ತು, ಗುರುತ್ವ ಹೇಳಿಕೊಡುತ್ತದೆ. ಎಡ ಬಲಕ್ಕೆ ಆಧಾರವಿಲ್ಲ. ತಲೆ ಅಲ್ಲಾಡಿಸದೆ ಕೂತರೂ ಐದು ನಿಮಿಷದಲ್ಲಿ ಪ್ರೆಸ್ಸು ಮೆಲ್ಲಗೆ ಎಡಕ್ಕೆ ಸರಿದು ಹೋಗುತ್ತದೆ. ಪುಸ್ತಕದ ಪರಿಹಾರ ದಿಕ್ಸೂಚಿ ಚಿಪ್ ಸೇರಿಸುವುದು. ಸೇರಿಸಿದೆ, ಮನೆಯಲ್ಲಿ ಸೊಗಸಾಗಿ ನಡೆಯಿತು. ಶೆಡ್ಡಿಗೆ ಒಯ್ದರೆ ಸುತ್ತಲೂ ಟನ್‌ಗಟ್ಟಲೆ ಕಬ್ಬಿಣ, ಓಡುವ ಮೋಟರು. ಹತ್ತು ಹೆಜ್ಜೆಗೊಮ್ಮೆ ಉತ್ತರ ದಿಕ್ಕೇ ಬದಲಾಗುತ್ತಿತ್ತು. ಅಮೆರಿಕದ ಪುಸ್ತಕ ಬರೆದವರು ಪೀಣ್ಯ ನೋಡಿರಲಿಕ್ಕಿಲ್ಲ! ದಿಕ್ಸೂಚಿ ಕಿತ್ತು ಹಾಕಿ, ಒಂದು ಗುಂಡಿ ಇಟ್ಟೆ. ದೃಶ್ಯ ಸರಿದಾಗ ನೇರ ನೋಡಿ ಒತ್ತಿದರೆ ಮತ್ತೆ ಎದುರಿಗೆ ಬರುತ್ತದೆ.

ತಲೆ ತಿರುಗಿದ ಮೇಲೆ ಚಿತ್ರ ತಿರುಗಲು ಎಷ್ಟು ಹೊತ್ತು ಎಂಬುದು ಇನ್ನೊಂದು ತಲೆನೋವು, ಅಕ್ಷರಶಃ. 20 ಮಿಲಿಸೆಕೆಂಡಿನ ಒಳಗಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರಕ್ಕೇ 16.7 ಮಿಲಿಸೆಕೆಂಡು ಹೋಗಿಬಿಡುತ್ತದೆ. ಗೆಳತಿಯ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ, ಸೆಕೆಂಡಿಗೆ 240 ಚಿತ್ರದಂತೆ ತೆಗೆದು ಎಣಿಸಿದೆ. ವೈಫೈ ಮೂಲಕ ಕಳಿಸಿದಾಗ ಸುಮಾರು 75, ಒಟಿಜಿ ವೈರು ಹಾಕಿದಾಗ 45. ಇದಕ್ಕಿಂತ ಕೆಳಗೆ ಈ ಮೊಬೈಲಿನಲ್ಲಿ ಇಳಿಸಲಾಗಲಿಲ್ಲ. ಹಾಗಾಗಿ ದೃಶ್ಯವನ್ನೇ ಬದಲಿಸಿದೆ: ನೋಡುವವರು ಕೂತಿರುತ್ತಾರೆ, ಪ್ರೆಸ್ಸು ಎದುರಿಗಿರುತ್ತದೆ, ತಲೆ ಹೆಚ್ಚು ತಿರುಗಿಸುವ ಕೆಲಸವೇ ಇಲ್ಲ, ಮೂರು ನಿಮಿಷಕ್ಕೆ ಪಾಠ ಮುಗಿಯುತ್ತದೆ.

ಭಾರದ ವಿಷಯ ಬೇಗ ಬಗೆಹರಿಯಿತು. ಮುಂದೆ ಮೊಬೈಲು, ಮಸೂರ, ಬೋರ್ಡು ಎಲ್ಲ ಸೇರಿ ಮೂಗಿನ ಮೇಲೆ ಕೂರುತ್ತಿದ್ದವು. ಎಲಾಸ್ಟಿಕ್ ಪಟ್ಟಿ ಬಿಗಿ ಮಾಡಿದಷ್ಟೂ ಕೆನ್ನೆ ನೋವು. ವೆಲ್ಡಿಂಗ್ ಹೆಲ್ಮೆಟ್ಟಿನ ಒಳಪಟ್ಟಿ ಹಿಂದೆ ತಿರುಪಿದರೆ ತಲೆಸುತ್ತ ಬಿಗಿಯಾಗುತ್ತದೆ, ಭಾರವನ್ನು ಹಣೆ ಹೊರುತ್ತದೆ. ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಅದೊಂದೇ ಬಿಡಿಯಾಗಿ ಸಿಗುತ್ತದೆ. ದಿನವಿಡೀ ಹೆಲ್ಮೆಟ್ ಹೊರುವವರಿಗಾಗಿ ಮಾಡಿದ ವಸ್ತು ಅದು, ನಾನು ಹೊಸದಾಗಿ ಕಂಡುಹಿಡಿಯುವುದೇನಿತ್ತು?

ಅಮ್ಮನ ಕಣ್ಣು

ದೃಶ್ಯ ಸರಳ. ಅಪ್ಪ ಟೇಪು ಹಿಡಿದು ಕೊಟ್ಟ ಅಳತೆಯಲ್ಲಿ ಬ್ಲೆಂಡರಿನಲ್ಲಿ ಕಟ್ಟಿದ ಸಿ-ಟೈಪ್ ಪ್ರೆಸ್ಸು. ನಿಜವಾದ ಕೈಯನ್ನು ಗುರುತಿಸುವ ಶಕ್ತಿ ನನ್ನ ಯಂತ್ರಕ್ಕಿಲ್ಲ. ಆದ್ದರಿಂದ ಒಂದು ಬೊಂಬೆ ಕೈ ತಾನಾಗಿ ಡೈ ಕಡೆಗೆ ಚಾಚುತ್ತದೆ. ಅದು ಅಪಾಯದ ಜಾಗಕ್ಕೆ ಬಂತು ಅನ್ನಿಸಿದ ತಕ್ಷಣ ನೋಡುವವರು ಗುಂಡಿ ಒತ್ತಬೇಕು. ತಡವಾದರೆ ಪಂಚ್ ಇಳಿಯುತ್ತದೆ. ಕೆಲವು ಸಲ ಎರಡು ಬಾರಿ ಇಳಿಯುತ್ತದೆ.

ಅಪ್ಪ ಹಾಕಿಕೊಂಡರು. ಎಂಟು ಸಲಕ್ಕೆ ಎಂಟು ಸಲವೂ ಸರಿಯಾಗಿ ಒತ್ತಿದರು. ರಿಪೀಟ್ ಸ್ಟ್ರೋಕ್ ಬಂದಾಗ ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಮ್ಮ ಗಾರ್ಮೆಂಟ್ಸಿನಲ್ಲಿ ಟೈಲರು. ದಿನಕ್ಕೆ ಎಂಟು ಗಂಟೆ ಸೂಜಿಯ ಮುಂದೆ ಬೆರಳಿಡುವವರು. ದೂರದ ಅಂದಾಜು ಅವರಿಗಿಂತ ಚೆನ್ನಾಗಿ ಯಾರಿಗಿದ್ದೀತು? ಅವರು ಗುಂಡಿ ಒತ್ತಿದ್ದು ಕೈ ಡೈ ಒಳಗೆ ಹೋದ ಮೇಲೆ. ಎರಡನೇ ಸಲವೂ ಹಾಗೇ. “ಮಸುಕು ಮಸುಕು ಕಣೇ, ಅಂಚೆಲ್ಲ ಕಾಮನಬಿಲ್ಲು” ಎಂದು ತೆಗೆದಿಟ್ಟು ಕಣ್ಣುಜ್ಜಿಕೊಂಡರು. “ನಂಗೆ ವಯಸ್ಸಾಯ್ತು ಬಿಡು” ಎಂದೂ ಸೇರಿಸಿದರು.

ವಯಸ್ಸಿನ ಮಾತಲ್ಲ ಅದು. ಕನ್ನಡಕದ ಅಂಗಡಿಯವರು ಎರಡು ಪಾಪೆಗಳ ನಡುವಿನ ದೂರ ಅಳೆಯಲು ಒಂದು ಪುಟ್ಟ ಸ್ಕೇಲು ಇಟ್ಟುಕೊಂಡಿರುತ್ತಾರೆ. ಅಪ್ಪನದು 65 ಮಿ.ಮೀ., ಅಮ್ಮನದು 58. ನಾನು ಬಳೆಗಳನ್ನು ಸರಾಸರಿ ಕಣ್ಣಿಗೆ ಸರಿಹೋಗುವಂತೆ 64ಕ್ಕೆ ಅಂಟಿಸಿದ್ದೆ. ಅಪ್ಪ ಮಸೂರದ ನಡುವಿನಿಂದ ನೋಡುತ್ತಿದ್ದರು, ಅಮ್ಮ ಅಂಚಿನ ಕಡೆಯಿಂದ. ಅಗ್ಗದ ಮಸೂರದ ಅಂಚಿನಲ್ಲಿ ಮಸುಕೂ ಬಣ್ಣವೂ ಸಹಜ.

ವಿ.ಆರ್. ಹಾಕಿಕೊಂಡರೆ ಹೆಂಗಸರಿಗೆ ಹೆಚ್ಚು ತಲೆಸುತ್ತು, ವಾಕರಿಕೆ ಎಂಬ ಮಾತು ಬಹಳ ದಿನದಿಂದ ಇತ್ತು. ಅವರ ದೇಹವೇ ಹಾಗೆ ಎಂದು ತೀರ್ಪು ಕೊಟ್ಟವರೂ ಇದ್ದರು. ಅಮೆರಿಕದ ಕೇ ಸ್ಟಾನಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಬೊಟ್ಟು ಮಾಡಿದ್ದು ಬೇರೆ ಕಡೆಗೆ: ಹೆಡ್‌ಸೆಟ್ಟಿನ ಮಸೂರಗಳ ಅಂತರ ಎಷ್ಟೋ ಹೆಂಗಸರ ಕಣ್ಣಿಗೆ ಹೊಂದುವುದೇ ಇಲ್ಲ, ಹೊಂದಿಸಿ ಕೊಟ್ಟರೆ ಗಂಡಸರಿಗೂ ಅವರಿಗೂ ಅಂಥ ವ್ಯತ್ಯಾಸ ಉಳಿಯುವುದಿಲ್ಲ. ಅದನ್ನು ಓದಿ ಹೇಳಿದಾಗ ಅಮ್ಮ, “ನಮ್ಮ ಫ್ಯಾಕ್ಟ್ರೀಲಿ ಕುರ್ಚಿನೂ ಹಂಗೇ” ಅಂದರು.

ಆಟವಾಗಿದ್ದರೆ ಇಷ್ಟು ವ್ಯತ್ಯಾಸವನ್ನು ಬಿಟ್ಟುಬಿಡಬಹುದಿತ್ತೇನೋ. ಇದು ದೂರವನ್ನು ಕಲಿಸುವ ಯಂತ್ರ. ತಪ್ಪು ದೂರ ತೋರಿಸಿದರೆ ತಪ್ಪು ದೂರವನ್ನೇ ಕಲಿಸುತ್ತದೆ. ಅಂಥದ್ದನ್ನು ಶೆಡ್ಡಿಗೆ ಒಯ್ಯುವುದಕ್ಕಿಂತ ಒಯ್ಯದಿರುವುದೇ ಮೇಲು.

ಬಳೆಗಳನ್ನು ಕಿತ್ತು ಕಿಟಕಿಯ ಚಾನಲ್ಲಿನೊಳಗೆ ಜಾರುವಂತೆ ಕೂರಿಸಿದೆವು. ಒಂದು ಬಳೆಗೆ ಬಲಸುತ್ತಿನ ನಟ್ಟು, ಇನ್ನೊಂದಕ್ಕೆ ಎಡಸುತ್ತಿನದು, ನಡುವೆ ಒಂದೇ ಸಲಾಕೆ. ತಿರುಗಿಸಿದರೆ ಎರಡೂ ಸಮವಾಗಿ ಹತ್ತಿರ ಬರುತ್ತವೆ, ಸಮವಾಗಿ ದೂರ ಹೋಗುತ್ತವೆ. ಈ ಉಪಾಯ ಅಪ್ಪನದು. ಎಡಸುತ್ತಿನ ಮರೆ ಹಾಕಿಕೊಟ್ಟದ್ದು ಪಕ್ಕದ ಶೆಡ್ಡಿನ ಲೇತಿನವರು. ಕಾಸು ಕೇಳಲಿಲ್ಲ, ಟೀ ಕುಡಿಸಿದ್ದೇ ಕೂಲಿ.

ಮಸೂರ ಜರುಗಿದರೆ ಅರ್ಧ ಕೆಲಸ ಮಾತ್ರ. ಪರದೆಯ ಮೇಲಿನ ಎರಡು ಚಿತ್ರಗಳ ನಡುಬಿಂದು 64ರಲ್ಲೇ ನಿಂತು, ಮಸೂರ 58ಕ್ಕೆ ಬಂದರೆ ಒಂದೊಂದು ಕಣ್ಣೂ ಸುಮಾರು ನಾಲ್ಕು ಡಿಗ್ರಿ ಹೊರಕ್ಕೆ ತಿರುಗಬೇಕು. ಮನುಷ್ಯರ ಕಣ್ಣು ಒಳಕ್ಕೆ ಸಲೀಸಾಗಿ ತಿರುಗುತ್ತದೆ, ಹೊರಕ್ಕೆ ಹಾಗೆ ತಿರುಗುವುದಿಲ್ಲ. ಒಂದು ಪ್ರೆಸ್ಸು ಎರಡಾಗುತ್ತದೆ. ಆದ್ದರಿಂದ ಕೋಡಿನಲ್ಲೂ ಒಂದು ಸಂಖ್ಯೆ ಇಟ್ಟೆ. ಸಲಾಕೆ ತಿರುಗಿಸಿ, ಪಕ್ಕದಲ್ಲಿ ಅಂಟಿಸಿದ ಸ್ಕೇಲು ಓದಿ, ಆ ಸಂಖ್ಯೆ ಹಾಕಿದರೆ ಚಿತ್ರಗಳೂ ದೃಶ್ಯದ ಎರಡು ಕ್ಯಾಮೆರಾಗಳೂ ಅಷ್ಟೇ ಜರುಗುತ್ತವೆ. 58 ಹಾಕಿ ಅಮ್ಮನಿಗೆ ಕೊಟ್ಟೆ. ಎಂಟಕ್ಕೆ ಎಂಟು. ಅಪ್ಪನಿಗಿಂತ ಬೇಗ ಒತ್ತಿದರು ಎಂಬುದನ್ನು ಈಗಲೂ ಹೇಳಿಕೊಳ್ಳುತ್ತಾರೆ.

ಭಾನುವಾರ ಮಾಲೀಕರ ಒಪ್ಪಿಗೆ ಪಡೆದು ಶೆಡ್ಡಿನಲ್ಲಿ ಆರು ಹುಡುಗರಿಗೆ ತೋರಿಸಿದೆವು. ಎಲ್ಲರ ಕಣ್ಣಿನಂತರವನ್ನೂ ಮೊದಲು ಅಳೆದೆ, 59ರಿಂದ 67ರವರೆಗೆ ಇತ್ತು. ರಿಪೀಟ್ ಸ್ಟ್ರೋಕಿಗೆ ಇಬ್ಬರು ಕೂಗಿದರು, ಒಬ್ಬ ನಕ್ಕ. ನಕ್ಕವನನ್ನು ಅಪ್ಪ ಮತ್ತೊಂದು ಸಲ ಕೂರಿಸಿದರು. ಮಾಲೀಕರಿಗೆ ಇಷ್ಟವಾಯಿತು. “ಇದನ್ನೇ ಎಲ್ಲರಿಗೂ ತೋರಿಸಿಬಿಟ್ಟರೆ ಸಾಕಲ್ವಾ?” ಎಂದು ಕೇಳಿದರು. ಸಾಲದು ಎಂದೆ. ಯಂತ್ರದ ಅಪಾಯದ ಭಾಗಕ್ಕೆ ಭದ್ರವಾದ ಬೇಲಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಸೆಕ್ಷನ್ನೇ ಹೇಳುತ್ತಿತ್ತು. ಗಾರ್ಡು, ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಇಳಿಯುವ ಸ್ವಿಚ್ಚು ಮೊದಲು, ನನ್ನ ಡಬ್ಬಿ ಆಮೇಲೆ. ಗಾರ್ಡು ಬಿಚ್ಚಿಟ್ಟು ಹೆಡ್‌ಸೆಟ್ ತೊಡಿಸಿದರೆ, ಬೆರಳು ಹೋದಾಗ ‘ಟ್ರೇನಿಂಗ್ ಕೊಟ್ಟಿದ್ದೆವಲ್ಲ’ ಅನ್ನಲು ಒಂದು ನೆಪವಾಗುತ್ತದೆ ಅಷ್ಟೆ. ಆ ಶೆಡ್ಡಿನ ಮೂರು ಪ್ರೆಸ್ಸುಗಳಲ್ಲಿ ಎರಡಕ್ಕೆ ಗಾರ್ಡು ಇತ್ತು. ಮೂರನೆಯದಕ್ಕೆ ಅಳತೆ ತೆಗೆದುಕೊಂಡು ಹೋದರು, ಇನ್ನೂ ಬಂದಿಲ್ಲ. ವಾರಕ್ಕೊಮ್ಮೆ ಅಪ್ಪ ನೆನಪಿಸುತ್ತಾರೆ.

ಕೆಲಸದ ವಿಷಯ ಕೇಳುವವರಿಗಾಗಿ: ತರಬೇತಿಯ ಸಿಮ್ಯುಲೇಟರ್ ಮಾಡುವ ವೈಟ್‌ಫೀಲ್ಡಿನ ಒಂದು ಕಂಪನಿಗೆ ಇದನ್ನು ಹೊತ್ತುಕೊಂಡು ಸಂದರ್ಶನಕ್ಕೆ ಹೋಗಿದ್ದೆ. ವೈರು, ಬೋರ್ಡು, ಟೇಪು ಸುತ್ತಿದ ಡಬ್ಬಿಯನ್ನು ಮೆಟ್ರೊ ಸ್ಕ್ಯಾನರಿನಲ್ಲಿ ನೋಡಿದ ಭದ್ರತಾ ಸಿಬ್ಬಂದಿ ಕೆಳಗಿಳಿಸಿದರು. ಹಾಕಿಕೊಂಡು ತೋರಿಸಿದ ಮೇಲೆ ಬಿಟ್ಟರು. ಅವರಲ್ಲೊಬ್ಬರು ತಾವೂ ಒಮ್ಮೆ ನೋಡಿದರು. ಸಂದರ್ಶನದಲ್ಲಿ ನನ್ನ ಮಾರ್ಕ್ಸ್ ಕಾರ್ಡಿನ ಬಗ್ಗೆ ಐದು ನಿಮಿಷ, “ಯಾಕೆ 43, ಯಾಕೆ 45 ಅಲ್ಲ?” ಎಂಬುದರ ಬಗ್ಗೆ ಅರ್ಧ ಗಂಟೆ. ಎರಡನೇ ಸುತ್ತಿಗೆ ಕರೆದಿದ್ದಾರೆ. ಮುಂದಿನದು ಗೊತ್ತಿಲ್ಲ.

ಸದ್ಯ ಉಳಿದಿರುವ ಕೆಲಸ ಬೇರೆ. ಮುಖಕ್ಕೆ ತಾಗುವ ಫೋಮು ಒಬ್ಬರ ಬೆವರನ್ನು ಇನ್ನೊಬ್ಬರಿಗೆ ದಾಟಿಸುತ್ತಿತ್ತು. ಅಮ್ಮ ಉಳಿದ ಬನಿಯನ್ ಬಟ್ಟೆಯಲ್ಲಿ ಒಗೆಯಬಹುದಾದ ನಾಲ್ಕು ಕವರು ಹೊಲಿದು, ವೆಲ್ಕ್ರೊ ಹಚ್ಚಿ ಕೊಟ್ಟಿದ್ದಾರೆ. ದೃಶ್ಯದಲ್ಲಿ ಎಚ್ಚರಿಕೆ ಹೇಳುವ ದನಿ ಅಪ್ಪನದು, ಅಚ್ಚ ಕನ್ನಡ. ಆವತ್ತು ನಕ್ಕ ಹುಡುಗ ಒಡಿಶಾದವನು. ಅವನು ನಕ್ಕದ್ದು ಯಾಕೆಂದು ಆಮೇಲೆ ತಿಳಿಯಿತು. ಪಂಚ್ ಇಳಿಯುವ ಮುಂಚೆ ಅಪ್ಪನ ದನಿ “ಕೈ ತೆಗಿ!” ಎಂದು ಕೂಗಿದ್ದು ಅವನಿಗೆ ಅರ್ಥವೇ ಆಗಿರಲಿಲ್ಲ. ಮುಂದಿನ ಭಾನುವಾರ ಅದನ್ನೇ ಒಡಿಯಾದಲ್ಲಿ ಅವನಿಂದಲೇ ಕೂಗಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಹಿಂದಿಗೆ ಇನ್ನೊಬ್ಬ ಒಪ್ಪಿದ್ದಾನೆ.